ಪ್ರೊ. ಮಹಾದೇವ ಲಾಲ್ ಶ್ರಾಫ್ (1902–1971): ಭಾರತೀಯ ಫಾರ್ಮಸಿ ಶಿಕ್ಷಣದ ಪಿತಾಮಹ

ಪೀಠಿಕೆ

ಭಾರತದಲ್ಲಿ ಔಷಧ ವಿಜ್ಞಾನವನ್ನು ವಿಶ್ವವಿದ್ಯಾಲಯದ ಪದವಿಯ ಮಟ್ಟಕ್ಕೆ ಏರಿಸಿದ ಕೀರ್ತಿ ಪ್ರೊ. ಮಹಾದೇವ ಲಾಲ್ ಶ್ರಾಫ್ ಅವರಿಗೆ ಸಲ್ಲುತ್ತದೆ. ವೈದ್ಯರು ಬರೆದುಕೊಟ್ಟ ಚೀಟಿಯಂತೆ ಔಷಧಿ ಬೆರೆಸಿ ಕೊಡುವ ಕಂಪೌಂಡರನ ಕೆಲಸವೆಂದಷ್ಟೇ ಪರಿಗಣಿತವಾಗಿದ್ದ ಉದ್ಯೋಗಕ್ಕೆ ಶಾಸ್ತ್ರ, ಪದವಿ, ಸಂಘ ಮತ್ತು ಪತ್ರಿಕೆ ಎಂಬ ನಾಲ್ಕು ಆಧಾರಗಳನ್ನು ಅವರು ಒದಗಿಸಿದರು. ಅವರ ಜನ್ಮದಿನವಾದ ಮಾರ್ಚ್ 6ನ್ನು ಭಾರತೀಯ ಫಾರ್ಮಸಿ ಪರಿಷತ್ತು 2022ರಿಂದ ರಾಷ್ಟ್ರೀಯ ಫಾರ್ಮಸಿ ಶಿಕ್ಷಣ ದಿನವನ್ನಾಗಿ ಆಚರಿಸುತ್ತಿದೆ.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗಗಳ ಅನೇಕ ಯುವಕ ಯುವತಿಯರು ಇಂದು ಫಾರ್ಮಸಿ ಶಿಕ್ಷಣವನ್ನು ಆಯ್ಕೆ ಮಾಡಿಕೊಳ್ಳುತ್ತಿದ್ದಾರೆ. ಅವರಲ್ಲಿ ಕೆಲವರು ಔಷಧ ಮಾಹಿತಿ ಎಂಬ ವಿಶೇಷ ಶಾಖೆಯತ್ತಲೂ ಆಸಕ್ತರಾಗಿದ್ದಾರೆ. ಕಲಿತ ವಿದ್ಯೆಗೆ ತಕ್ಕ ಸ್ಥಾನ ದೊರೆಯುವುದೇ, ಆ ಕೆಲಸದಲ್ಲಿ ತೃಪ್ತಿ ಇರುವುದೇ ಎಂಬ ಪ್ರಶ್ನೆ ಅವರಿಗೂ ಅವರ ಪಾಲಕರಿಗೂ ಸಹಜವಾಗಿಯೇ ಮೂಡುತ್ತದೆ. ಇದೇ ಪ್ರಶ್ನೆಯನ್ನು ಎದುರಿಟ್ಟುಕೊಂಡು ಜೀವಮಾನವಿಡೀ ದುಡಿದವರು ಪ್ರೊ. ಶ್ರಾಫ್. ಆದ್ದರಿಂದ ಅವರ ಜೀವನ ಪರಿಚಯವನ್ನೂ, ಅವರ ಕಾರ್ಯದ ಫಲವಾಗಿ ನಮ್ಮ ರಾಜ್ಯದಲ್ಲಿ ಬೆಳೆದ ಔಷಧ ಮಾಹಿತಿ ಸೇವೆಯ ವಿವರವನ್ನೂ ಇಲ್ಲಿ ನೀಡಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮಹಾದೇವ ಲಾಲ್ ಶ್ರಾಫ್ ಅವರು 1902ರ ಮಾರ್ಚ್ 6ರಂದು ಬಿಹಾರದ ದರ್ಭಂಗಾದಲ್ಲಿ ಜನಿಸಿದರು. ಶಾಲಾ ಶಿಕ್ಷಣವನ್ನು ಮುಗಿಸಿದ ಬಳಿಕ ಇಂಜಿನಿಯರಿಂಗ್ ವ್ಯಾಸಂಗಕ್ಕಾಗಿ ಬನಾರಸ್ ಹಿಂದೂ ವಿಶ್ವವಿದ್ಯಾಲಯವನ್ನು ಸೇರಿದರು. ಅದು ಅಸಹಕಾರ ಚಳವಳಿಯು ದೇಶದ ವಿದ್ಯಾರ್ಥಿ ಸಮುದಾಯವನ್ನು ಬಡಿದೆಬ್ಬಿಸಿದ ಕಾಲ. ರಾಷ್ಟ್ರೀಯ ಚಟುವಟಿಕೆಗಳಲ್ಲಿ ತೊಡಗಿದ ಶ್ರಾಫ್ ಅವರ ಓದು ಅಲ್ಲಿ ಪೂರ್ಣಗೊಳ್ಳಲಿಲ್ಲ.

ಅನಂತರ ಅವರು ವಿದೇಶಕ್ಕೆ ತೆರಳಿ, ಅಮೆರಿಕಾದಲ್ಲಿ ವ್ಯಾಸಂಗ ಮುಂದುವರಿಸಿದರು. ರಸಾಯನ ಶಾಸ್ತ್ರವನ್ನು ಮುಖ್ಯವಾಗಿ ಅಭ್ಯಸಿಸಿ, ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಶಿಕ್ಷಣ ಪಡೆದರು. 1920ರ ದಶಕದ ಕೊನೆಗೆ ಸ್ವದೇಶಕ್ಕೆ ಮರಳಿದಾಗ ಅವರ ಮುಂದೆ ಕೈಗಾರಿಕೆಯ ದಾರಿ ತೆರೆದಿತ್ತು. ಆದರೆ ತಾವು ಓದನ್ನು ಅರ್ಧಕ್ಕೆ ಬಿಟ್ಟುಹೋಗಿದ್ದ ಬನಾರಸಿಗೇ ಅವರು ಅಧ್ಯಾಪಕರಾಗಿ ಹಿಂತಿರುಗಿದರು. ವಿಶ್ವವಿದ್ಯಾಲಯದ ಸ್ಥಾಪಕರೂ ಅಂದಿನ ಕುಲಪತಿಗಳೂ ಆಗಿದ್ದ ಪಂಡಿತ ಮದನ ಮೋಹನ ಮಾಳವೀಯ ಅವರ ಬೆಂಬಲ ಶ್ರಾಫ್ ಅವರ ಮುಂದಿನ ಕಾರ್ಯಕ್ಕೆ ದೊರೆಯಿತು.

ಅಂದಿನ ಔಷಧ ವ್ಯವಸ್ಥೆ

ಶ್ರಾಫ್ ಅವರ ಕಾರ್ಯದ ಮಹತ್ವವನ್ನು ಅರಿಯಲು ಅಂದಿನ ಪರಿಸ್ಥಿತಿಯನ್ನು ತಿಳಿಯುವುದು ಅವಶ್ಯಕ. ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ 19ನೇ ಶತಮಾನದಲ್ಲಿಯೇ ಔಷಧ ತಯಾರಿಕೆಯ ತರಬೇತಿ ಆರಂಭವಾಗಿತ್ತು. ಬಂಗಾಳದಲ್ಲಿ ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಅವರು ಸ್ವದೇಶಿ ಔಷಧ ಕಾರ್ಖಾನೆಯನ್ನು ಕಟ್ಟಿದ್ದರು. ಆದರೂ ದೇಶದ ಬಹುಭಾಗದಲ್ಲಿ ದವಾಖಾನೆಯ ಔಷಧ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ಕೆಲಸ ಮಾಡುತ್ತಲೇ ಕೈರೂಢಿಯಿಂದ ಕಲಿತ ಕಂಪೌಂಡರುಗಳು. ಔಷಧಿ ಕೊಡುವವನು ಇಷ್ಟು ಓದಿರಬೇಕು ಎಂದು ವಿಧಿಸುವ, ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಇರಲಿಲ್ಲ.

ಕಲಬೆರಕೆಯ ಹಾಗೂ ಸತ್ವಹೀನ ಔಷಧಗಳು ಮಾರುಕಟ್ಟೆಯಲ್ಲಿ ತುಂಬಿದ್ದವು. ಮಲೇರಿಯಾ ಜ್ವರಕ್ಕೆ ಕೊಡುತ್ತಿದ್ದ ಕ್ವಿನೈನ್ ಕೂಡ ಇದಕ್ಕೆ ಹೊರತಾಗಿರಲಿಲ್ಲ. ಸಾರ್ವಜನಿಕರ ದೂರು ಹೆಚ್ಚಿದ ಮೇಲೆ ಭಾರತ ಸರ್ಕಾರವು 1930ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿಯನ್ನು ನೇಮಿಸಿತು. ಚೋಪ್ರಾ ಅವರು ಕಲ್ಕತ್ತೆಯ ಉಷ್ಣವಲಯ ವೈದ್ಯಕೀಯ ಶಾಲೆಯಲ್ಲಿ ಔಷಧ ಗುಣಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1931ರಲ್ಲಿ ಸಲ್ಲಿಸಿದ ವರದಿಯಲ್ಲಿ ಸಮಿತಿಯು ಔಷಧಗಳ ಗುಣಮಟ್ಟಕ್ಕೆ ಕಾನೂನು, ಪರೀಕ್ಷಾ ಪ್ರಯೋಗಾಲಯ, ಫಾರ್ಮಸಿ ವೃತ್ತಿಯ ನಿಯಂತ್ರಣ ಮತ್ತು ಸೂಕ್ತ ಶಿಕ್ಷಣ ಇವುಗಳನ್ನು ಶಿಫಾರಸು ಮಾಡಿತು.

ವರದಿಗಳು ಸರ್ಕಾರದ ಕಪಾಟಿನಲ್ಲಿ ವರ್ಷಗಟ್ಟಲೆ ಉಳಿಯುವುದುಂಟು. ಈ ವರದಿಯ ಶಿಫಾರಸುಗಳೂ ಕಾನೂನಿನ ರೂಪ ತಾಳಲು ಸುಮಾರು ಒಂದು ದಶಕ ಹಿಡಿಯಿತು. ಶಿಕ್ಷಣದ ಭಾಗವನ್ನು ಮಾತ್ರ ಶ್ರಾಫ್ ಅವರು ಕಾನೂನಿಗೆ ಕಾಯದೆ ಕೈಗೆತ್ತಿಕೊಂಡರು.

ಬನಾರಸಿನಲ್ಲಿ ಹೊಸ ಶಿಕ್ಷಣ

1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಔಷಧ ರಸಾಯನ ಶಾಸ್ತ್ರವನ್ನು ವಿಜ್ಞಾನ ಪದವಿಯ ಒಂದು ವಿಷಯವನ್ನಾಗಿ ಆರಂಭಿಸಲಾಯಿತು. ಭಾರತದಲ್ಲಿ ವಿಶ್ವವಿದ್ಯಾಲಯ ಮಟ್ಟದ ಫಾರ್ಮಸಿ ಶಿಕ್ಷಣದ ಆರಂಭವೆಂದು ಈ ವರ್ಷವನ್ನೇ ಗುರುತಿಸಲಾಗುತ್ತದೆ. ಮುಂದೆ ಪಠ್ಯಕ್ರಮ ವಿಸ್ತಾರಗೊಂಡು 1937ರಲ್ಲಿ ಮೂರು ವರ್ಷಗಳ ಬಿ.ಫಾರ್ಮ್ ಪದವಿ ಜಾರಿಗೆ ಬಂದಿತು. 1940ರಲ್ಲಿ ಸ್ನಾತಕೋತ್ತರ ಎಂ.ಫಾರ್ಮ್ ಶಿಕ್ಷಣವೂ ಆರಂಭವಾಯಿತು.

ಶ್ರಾಫ್ ಅವರು ರೂಪಿಸಿದ ಶಿಕ್ಷಣದಲ್ಲಿ ಔಷಧದ ರಾಸಾಯನಿಕ ಸ್ವರೂಪ, ಮೂಲಿಕೆ ಮತ್ತು ಇತರ ಕಚ್ಚಾ ವಸ್ತುಗಳನ್ನು ಗುರುತಿಸುವ ಶಾಸ್ತ್ರ, ಔಷಧ ತಯಾರಿಕೆಯ ವಿಧಾನ ಇವೆಲ್ಲವೂ ಒಂದೇ ಕಡೆ ಕೂಡಿಬಂದವು. ಔಷಧಿ ಎಂದರೆ ಏನು, ಅದು ಶುದ್ಧವೋ ಅಶುದ್ಧವೋ ಎಂದು ಹೇಗೆ ತಿಳಿಯಬೇಕು, ಎಷ್ಟು ಕಾಲ ಕೆಡದೆ ಇರುತ್ತದೆ, ಯಾವುದರೊಡನೆ ಬೆರೆಸಬಾರದು ಎಂಬ ಪ್ರಶ್ನೆಗಳಿಗೆ ಸ್ವತಂತ್ರವಾಗಿ ಉತ್ತರಿಸಬಲ್ಲ ವ್ಯಕ್ತಿಯನ್ನು ತಯಾರು ಮಾಡುವುದು ಈ ಶಿಕ್ಷಣದ ಗುರಿಯಾಗಿತ್ತು.

ಆ ಮೊದಲ ತಂಡಗಳ ಪದವೀಧರರ ಸ್ಥಿತಿ ಸುಲಭದ್ದಾಗಿರಲಿಲ್ಲ. ಅವರು ಪದವಿ ಪಡೆದು ಹೊರಬಂದಾಗ ಆ ಪದವಿಯನ್ನು ಕಡ್ಡಾಯವಾಗಿ ಕೇಳುವ ಹುದ್ದೆಗಳು ವಿರಳವಾಗಿದ್ದವು. ತರಬೇತಿಯಿಲ್ಲದ ವ್ಯಕ್ತಿಯಿಂದಲೂ ಮಾಡಿಸಬಹುದಾದ ಕೆಲಸಕ್ಕೆ ಪದವೀಧರನೇಕೆ ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿರಲಿಲ್ಲ. ಕಾಲೇಜು ತೆರೆದುಕೊಟ್ಟರೆ ಸಾಲದು, ಕಲಿತವನ ವಿದ್ಯೆಗೆ ಸಮಾಜದಲ್ಲಿ ಕರೆ ಬರುವಂತಾಗಬೇಕು ಎಂಬುದನ್ನು ಶ್ರಾಫ್ ಅವರ ಮುಂದಿನ ಕಾರ್ಯಗಳು ತೋರಿಸುತ್ತವೆ.

ಸಂಘ ಮತ್ತು ಪತ್ರಿಕೆ

ಚದುರಿದ್ದ ವೃತ್ತಿಬಾಂಧವರನ್ನು ಒಂದುಗೂಡಿಸಲು ಶ್ರಾಫ್ ಅವರು 1935ರಲ್ಲಿ ಸಂಯುಕ್ತ ಪ್ರಾಂತಗಳ ಫಾರ್ಮಸ್ಯೂಟಿಕಲ್ ಸಂಘವನ್ನು ಸ್ಥಾಪಿಸಿದರು. ಇದೇ ಸಂಘವು ಬೆಳೆದು ಭಾರತೀಯ ಫಾರ್ಮಸ್ಯೂಟಿಕಲ್ ಸಂಘವೆಂಬ ಅಖಿಲ ಭಾರತ ಸಂಸ್ಥೆಯಾಯಿತು.

1939ರಲ್ಲಿ ಶ್ರಾಫ್ ಅವರ ಸಂಪಾದಕತ್ವದಲ್ಲಿ ಇಂಡಿಯನ್ ಜರ್ನಲ್ ಆಫ್ ಫಾರ್ಮಸಿ ಎಂಬ ಪತ್ರಿಕೆ ಆರಂಭವಾಯಿತು. ಇದು ಇಂದಿಗೂ ಇಂಡಿಯನ್ ಜರ್ನಲ್ ಆಫ್ ಫಾರ್ಮಸ್ಯೂಟಿಕಲ್ ಸೈನ್ಸಸ್ ಎಂಬ ಹೆಸರಿನಲ್ಲಿ ಪ್ರಕಟವಾಗುತ್ತಿದೆ. ಔಷಧ ಮಾಹಿತಿಯ ಇತಿಹಾಸದಲ್ಲಿ ಈ ಹೆಜ್ಜೆಗೆ ವಿಶೇಷ ಸ್ಥಾನವಿದೆ. ಅಲ್ಲಿಯವರೆಗೆ ಭಾರತದ ಫಾರ್ಮಸಿಸ್ಟನು ಬಹುಮಟ್ಟಿಗೆ ಬ್ರಿಟನ್ನಿನ ಗ್ರಂಥಗಳನ್ನು ಅವಲಂಬಿಸಬೇಕಾಗಿತ್ತು. ಅವುಗಳಲ್ಲಿ ಪ್ರಮುಖವಾದುದು ಲಂಡನ್ನಿನ ಫಾರ್ಮಸಿಸ್ಟ್ ವಿಲಿಯಂ ಮಾರ್ಟಿಂಡೇಲ್ ಅವರು 1883ರಲ್ಲಿ ಹೊರತಂದ, ಇಂದಿಗೂ ಅವರ ಹೆಸರಿನಿಂದಲೇ ಕರೆಯಲ್ಪಡುವ ಔಷಧ ಕೋಶ. ಈ ದೇಶದ ಹವಾಮಾನದಲ್ಲಿ ಔಷಧಿ ಹೇಗೆ ವರ್ತಿಸುತ್ತದೆ, ಇಲ್ಲಿಯ ಮೂಲಿಕೆಗಳಲ್ಲಿ ಏನಿದೆ ಎಂಬುದನ್ನು ಇಲ್ಲಿಯವರೇ ಪರೀಕ್ಷಿಸಿ, ಬರೆದು, ಪರಸ್ಪರ ಹಂಚಿಕೊಳ್ಳಲು ಒಂದು ವೇದಿಕೆ ಬೇಕಾಗಿತ್ತು. ಪತ್ರಿಕೆಯು ಆ ಕೊರತೆಯನ್ನು ತುಂಬಿತು.

ಕಾನೂನಿನ ಮನ್ನಣೆ

1940ರಲ್ಲಿ ಔಷಧ ಕಾಯ್ದೆಯು ಜಾರಿಗೆ ಬಂದು, 1945ರಲ್ಲಿ ಅದರ ನಿಯಮಗಳು ರೂಪುಗೊಂಡವು. ಇಂದು ಇದನ್ನು ಔಷಧ ಮತ್ತು ಕಾಂತಿವರ್ಧಕ ಕಾಯ್ದೆ ಎಂದು ಕರೆಯಲಾಗುತ್ತದೆ. 1948ರ ಮಾರ್ಚ್‌ನಲ್ಲಿ ಫಾರ್ಮಸಿ ಕಾಯ್ದೆ ಬಂದಿತು. ಇದರ ಅನ್ವಯ 1949ರಲ್ಲಿ ಭಾರತೀಯ ಫಾರ್ಮಸಿ ಪರಿಷತ್ತು ರಚನೆಯಾಯಿತು. ಫಾರ್ಮಸಿ ಶಿಕ್ಷಣಕ್ಕೆ ದೇಶದಾದ್ಯಂತ ಒಂದೇ ಮಟ್ಟವನ್ನು ನಿಗದಿಪಡಿಸುವುದು ಅದರ ಹೊಣೆ. ಅರ್ಹರ ಹೆಸರನ್ನು ನೋಂದಾಯಿಸಿಕೊಳ್ಳುವುದು ರಾಜ್ಯ ಪರಿಷತ್ತುಗಳ ಹೊಣೆ. ವೈದ್ಯರ ಚೀಟಿಯ ಮೇರೆಗೆ ಔಷಧಿಯನ್ನು ಸಿದ್ಧಪಡಿಸಿ ಕೊಡುವ ಕಾರ್ಯವು ನೋಂದಾಯಿತ ಫಾರ್ಮಸಿಸ್ಟರದೇ ಎಂದು ಈ ಕಾಯ್ದೆಯ 42ನೇ ಪ್ರಕರಣವು ವಿಧಿಸಿತು.

ಬನಾರಸಿನ ಮೊದಲ ಪದವೀಧರರಿಗೆ ದೊರೆಯದಿದ್ದ ಉತ್ತರ ಹೀಗೆ ಒಂದು ದಶಕದ ನಂತರ ಕಾನೂನಿನಲ್ಲಿ ದೊರೆಯಿತು. ಸಮಿತಿ ವರದಿ, ವೃತ್ತಿಪರರ ಸಂಘಟನೆ, ಪದವಿ ಶಿಕ್ಷಣ ಇವು ಮೂರೂ ಕೂಡಿ ಇದಕ್ಕೆ ನೆಲ ಹದಗೊಳಿಸಿದ್ದವು.

ನಂತರದ ಜೀವನ

ಶ್ರಾಫ್ ಅವರು 1943ರಲ್ಲಿ ಬನಾರಸ್ ವಿಶ್ವವಿದ್ಯಾಲಯವನ್ನು ಬಿಟ್ಟು ಔಷಧ ಕೈಗಾರಿಕೆಯನ್ನು ಪ್ರವೇಶಿಸಿದರು. ಸ್ವಾತಂತ್ರ್ಯಾನಂತರ ರಾಜಸ್ಥಾನದ ಪಿಲಾನಿಯಲ್ಲಿ ಫಾರ್ಮಸಿ ಶಿಕ್ಷಣ ನೆಲೆಗೊಳ್ಳಲು ಶ್ರಮಿಸಿದರು. ಅಧ್ಯಾಪನ, ಕೈಗಾರಿಕೆ, ಸಂಘಟನೆ, ಪತ್ರಿಕೆ ಈ ನಾಲ್ಕು ಕ್ಷೇತ್ರಗಳಲ್ಲಿಯೂ ಕೈಯಾಡಿಸಿದ ಅವರ ಜೀವನವು ಫಾರ್ಮಸಿ ಪದವೀಧರನಿಗೆ ಎಷ್ಟು ದಾರಿಗಳಿವೆ ಎಂಬುದಕ್ಕೆ ನಿದರ್ಶನವೂ ಆಗಿದೆ. 1971ರ ಆಗಸ್ಟ್ 25ರಂದು ಅವರು ನಿಧನರಾದರು.

ನಮ್ಮ ಭಾಗದ ಹಿನ್ನೆಲೆ

ಬನಾರಸಿನಲ್ಲಿ ಈ ಬೆಳವಣಿಗೆಗಳು ನಡೆಯುತ್ತಿದ್ದ ಕಾಲದಲ್ಲಿ ಇಂದಿನ ಕಲಬುರಗಿ ಜಿಲ್ಲೆಯು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1940ರ ಔಷಧ ಕಾಯ್ದೆಯು ಬ್ರಿಟಿಷ್ ಆಡಳಿತದ ಪ್ರಾಂತಗಳಿಗಾಗಿ ರೂಪುಗೊಂಡದ್ದು. ಸಂಸ್ಥಾನದ ಪ್ರಜೆಗಳಿಗೆ ಅದರ ರಕ್ಷಣೆ ಇರಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತ ಒಕ್ಕೂಟದಲ್ಲಿ ವಿಲೀನಗೊಂಡು, 1956ರ ನವೆಂಬರ್ 1ರಂದು ಈ ಜಿಲ್ಲೆಯು ವಿಶಾಲ ಮೈಸೂರು ರಾಜ್ಯವನ್ನು ಸೇರಿತು.

ಔಷಧ ಜ್ಞಾನದ ಪರಂಪರೆ ಈ ನೆಲಕ್ಕೆ ಹೊಸತಲ್ಲ. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದವನೆಂದು ಹೇಳಲಾಗುವ ಜೈನ ವಿದ್ವಾಂಸ ಉಗ್ರಾದಿತ್ಯನು ಕಲ್ಯಾಣಕಾರಕ ಎಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದ್ದಾನೆ. ಯಾವ ದ್ರವ್ಯವನ್ನು ಔಷಧವಾಗಿ ಬಳಸಬಹುದು, ಯಾವುದನ್ನು ಬಳಸಬಾರದು ಎಂಬ ವಿವೇಚನೆ ಅದರಲ್ಲಿ ಪ್ರಮುಖವಾಗಿದೆ.

ಆಧುನಿಕ ಕಾಲದಲ್ಲಿ ಈ ಭಾಗದ ಜನಜೀವನ ಬೇರೆಯಾಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಮಾರ್ಗ ಆರಂಭವಾಗಿ ಚಿತ್ತಾಪುರ ಮತ್ತು ಸೇಡಂ ಊರುಗಳು ಹೊರಜಗತ್ತಿಗೆ ಹತ್ತಿರವಾದವು. ಶಹಾಬಾದ, ವಾಡಿ ಮತ್ತು ಸೇಡಂ ಸುತ್ತಮುತ್ತ ಸಿಮೆಂಟ್ ಕೈಗಾರಿಕೆ ಬೆಳೆಯಿತು. ಶಹಾಬಾದಿ ಕಲ್ಲಿನ ಗಣಿಗಳಲ್ಲಿ ಸಹಸ್ರಾರು ಕುಟುಂಬಗಳು ದುಡಿದವು. ಚಿಂಚೋಳಿ ತಾಲ್ಲೂಕಿನ ತಾಂಡಾಗಳಿಗೂ ಕಾಡಂಚಿನ ಹಳ್ಳಿಗಳಿಗೂ ರೈಲು ಸೌಕರ್ಯವಿಲ್ಲ. ತಜ್ಞ ವೈದ್ಯರನ್ನು ಕಾಣಲು ಕಲಬುರಗಿಗೆ ಬರಬೇಕಾಗುತ್ತದೆ. ಇಂತಹ ಊರುಗಳಲ್ಲಿ ಜನರು ಮೊದಲು ಸಂಪರ್ಕಿಸುವುದು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ಫಾರ್ಮಸಿ ಅಧಿಕಾರಿಯನ್ನು, ಇಲ್ಲವೇ ಜನರ ಬಾಯಲ್ಲಿ ಮೆಡಿಕಲ್ ಎಂದೇ ಕರೆಯಲ್ಪಡುವ ಔಷಧ ಅಂಗಡಿಯನ್ನು. ಔಷಧದ ಬಗೆಗಿನ ಸರಿಯಾದ ಮಾಹಿತಿ ಅಲ್ಲಿಯೇ ದೊರೆಯಬೇಕಾದುದು ಅತ್ಯವಶ್ಯ.

ಔಷಧ ಮಾಹಿತಿ ಸೇವೆ ಎಂದರೇನು?

ಶ್ರಾಫ್ ಅವರ ಕಾಲದ ಕೊರತೆ ಮಾಹಿತಿಯ ಅಭಾವದ್ದು. ಅವರ ಜೀವಿತದ ಕೊನೆಯ ವರ್ಷಗಳ ವೇಳೆಗೆ ಜಗತ್ತು ಇನ್ನೊಂದು ಬಗೆಯ ತೊಂದರೆಯನ್ನು ಎದುರಿಸಿತು. ಹೊಸ ಔಷಧಗಳು ವರ್ಷವರ್ಷವೂ ಮಾರುಕಟ್ಟೆಗೆ ಬಂದು, ಅವುಗಳ ಕುರಿತ ಬರಹಗಳು ರಾಶಿಯಾಗಿ ಬೆಳೆದು, ಯಾವುದನ್ನು ನಂಬಬೇಕೆಂದು ವೈದ್ಯರಿಗೂ ತಿಳಿಯದಂತಾಯಿತು. ಇದಕ್ಕೆ ಪರಿಹಾರವಾಗಿ 1962ರಲ್ಲಿ ಅಮೆರಿಕಾದ ಕೆಂಟಕಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಫಾರ್ಮಸಿಸ್ಟರು ನಡೆಸುವ ಔಷಧ ಮಾಹಿತಿ ಕೇಂದ್ರ ಆರಂಭವಾಯಿತು. ಭಾರತದಲ್ಲಿ ಈ ಸೇವೆ 1990ರ ದಶಕದಲ್ಲಿ ಬೇರೂರಿತು. ಅದರಲ್ಲಿ ಕರ್ನಾಟಕವು ಮುಂಚೂಣಿಯಲ್ಲಿತ್ತು. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತು 1997ರಲ್ಲಿ ಔಷಧ ಮಾಹಿತಿ ಕೇಂದ್ರವನ್ನು ತೆರೆಯಿತು. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು ತನ್ನ ಆಸ್ಪತ್ರೆಯಲ್ಲಿ ಚಿಕಿತ್ಸಾ ಫಾರ್ಮಸಿ ಮತ್ತು ಔಷಧ ಮಾಹಿತಿಯನ್ನು ಶಿಕ್ಷಣದ ಭಾಗವಾಗಿಸಿತು.

ಔಷಧ ಮಾಹಿತಿ ಫಾರ್ಮಸಿಸ್ಟರು ಸಾಮಾನ್ಯವಾಗಿ ಈ ಕ್ರಮವನ್ನು ಅನುಸರಿಸುತ್ತಾರೆ:

1. ಪ್ರಶ್ನೆ ಕೇಳಿದವರು ಯಾರು, ನಿಜವಾಗಿ ತಿಳಿಯಬೇಕಾದುದು ಏನು ಎಂಬುದನ್ನು ಖಚಿತಪಡಿಸಿಕೊಳ್ಳುವುದು.
2. ರೋಗಿಯ ವಯಸ್ಸು, ತೂಕ, ಗರ್ಭಾವಸ್ಥೆ, ಮೂತ್ರಪಿಂಡ ಮತ್ತು ಯಕೃತ್ತಿನ ಸ್ಥಿತಿ, ಸೇವಿಸುತ್ತಿರುವ ಇತರ ಔಷಧಗಳು ಇವನ್ನು ಕೇಳಿ ದಾಖಲಿಸುವುದು.
3. ಮೊದಲು ಆಕರ ಗ್ರಂಥಗಳನ್ನು, ನಂತರ ಅಗತ್ಯವಿದ್ದರೆ ಮೂಲ ಸಂಶೋಧನಾ ಲೇಖನಗಳನ್ನು ಪರಿಶೀಲಿಸುವುದು.
4. ದೊರೆತ ಮಾಹಿತಿ ಎಷ್ಟು ವಿಶ್ವಾಸಾರ್ಹ ಎಂದು ತೂಗಿ ನೋಡುವುದು.
5. ಕೇಳಿದವರಿಗೆ ಅರ್ಥವಾಗುವ ಮಾತಿನಲ್ಲಿ ಉತ್ತರ ನೀಡಿ, ಅದನ್ನು ದಾಖಲೆಯಲ್ಲಿಡುವುದು.
6. ರೋಗಿಯ ಮೇಲೆ ಆದ ಪರಿಣಾಮವನ್ನು ವಿಚಾರಿಸುವುದು.

ಕೆಲವು ನಿದರ್ಶನಗಳಿಂದ ಇದರ ಪ್ರಯೋಜನ ಸ್ಪಷ್ಟವಾಗುತ್ತದೆ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಮಾತ್ರೆಯಿಂದ ಮೂತ್ರವು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇದು ಅಪಾಯವಲ್ಲ. ಆದರೆ ಮೊದಲೇ ತಿಳಿಸದಿದ್ದಲ್ಲಿ ರೋಗಿಯು ಹೆದರಿ ಮಾತ್ರೆ ಬಿಡುವ ಸಂಭವವಿದೆ. ನಡುವೆ ಬಿಟ್ಟ ಚಿಕಿತ್ಸೆಯು ಔಷಧಕ್ಕೆ ಜಗ್ಗದ ಕ್ಷಯಕ್ಕೆ ಎಡೆಮಾಡಬಹುದು. ಇದೇ ಔಷಧವು ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನು ಕುಗ್ಗಿಸುತ್ತದೆ ಎಂಬುದನ್ನು ಮಹಿಳೆಯರಿಗೆ ತಿಳಿಸಬೇಕಾಗುತ್ತದೆ. ಕಬ್ಬಿಣಾಂಶದ ಮಾತ್ರೆಯನ್ನು ಚಹಾದೊಡನೆ ಸೇವಿಸಿದರೆ ಅದು ದೇಹಕ್ಕೆ ಸರಿಯಾಗಿ ಹೀರಲ್ಪಡುವುದಿಲ್ಲ. ಜ್ವರದ ಮಾತ್ರೆಯಲ್ಲೂ ನೆಗಡಿಯ ಮಾತ್ರೆಯಲ್ಲೂ ಪ್ಯಾರಸಿಟಮಾಲ್ ಇರಬಹುದಾದ್ದರಿಂದ ಎರಡನ್ನೂ ನುಂಗುವವರು ತಿಳಿಯದೆ ಮಿತಿ ಮೀರುವ ಅಪಾಯವಿದೆ. ಮಿತಿ ಮೀರಿದ ಪ್ಯಾರಸಿಟಮಾಲ್ ಯಕೃತ್ತಿಗೆ ಹಾನಿ ಮಾಡುತ್ತದೆ. ಇವು ಚಿಕ್ಕ ಮಾತುಗಳಂತೆ ಕಂಡರೂ ಹೇಳುವವರಿಲ್ಲದಿದ್ದರೆ ಜೀವಕ್ಕೇ ಎರವಾಗಬಲ್ಲವು.

ಈ ವೃತ್ತಿಯಲ್ಲಿ ತೃಪ್ತಿ ಮತ್ತು ಕೊರತೆ

ಔಷಧ ಮಾಹಿತಿಯಲ್ಲಿ ಪರಿಣತಿ ಪಡೆದವರ ವೃತ್ತಿತೃಪ್ತಿಗೆ ಮುಖ್ಯ ಆಧಾರ ತಮ್ಮ ವಿದ್ಯೆ ಪೂರ್ಣವಾಗಿ ಬಳಕೆಯಾಗುವುದು. ಪ್ರತಿದಿನವೂ ಹೊಸ ಪ್ರಶ್ನೆ ಬರುತ್ತದೆ, ಓದು ನಿಲ್ಲುವುದಿಲ್ಲ. ವೈದ್ಯರು, ಶುಶ್ರೂಷಕರು ಮತ್ತು ರೋಗಿಗಳು ಉತ್ತರಕ್ಕಾಗಿ ಇವರನ್ನು ಅವಲಂಬಿಸುತ್ತಾರೆ. ನೀಡಿದ ಸಲಹೆಯಿಂದ ಒಬ್ಬ ರೋಗಿಯ ಔಷಧ ಪ್ರಮಾಣ ಬದಲಾಗಿ ಆತ ಚೇತರಿಸಿಕೊಂಡಾಗ ಅದರ ಸಮಾಧಾನ ಬೇರೆಯೇ.

ಕೊರತೆಗಳನ್ನೂ ಮರೆಮಾಚಲಾಗದು. ಎಲ್ಲ ಆಸ್ಪತ್ರೆಗಳಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಹುದ್ದೆ ಇಲ್ಲ. ಮಾಹಿತಿ ನೀಡುವ ಕೆಲಸವು ದಾಸ್ತಾನು, ಲೆಕ್ಕಪುಸ್ತಕ ಮತ್ತು ವಿತರಣೆಯ ಕೆಲಸಗಳ ನಡುವೆ ಉಳಿದ ಸಮಯದಲ್ಲಿ ಆಗಬೇಕಾಗುತ್ತದೆ. ಬಡ್ತಿಯ ಮೆಟ್ಟಿಲುಗಳು ಕಡಿಮೆ. ವಿದೇಶಿ ನಿಯತಕಾಲಿಕೆಗಳು ಹಾಗೂ ಮಾಹಿತಿಕೋಶಗಳು ದುಬಾರಿ. ಎಲ್ಲಕ್ಕಿಂತ ಹೆಚ್ಚಾಗಿ, ತಿಳಿದವರು ಇದ್ದರೂ ಕೇಳುವ ವಾಡಿಕೆ ಇಲ್ಲದ ಕಡೆ ಕಲಿತ ವಿದ್ಯೆ ಮಂಕಾಗುತ್ತದೆ. ವೇತನ ಎಷ್ಟಿದ್ದರೂ ಈ ಬೇಸರವನ್ನು ಅದು ತುಂಬಿಕೊಡಲಾರದು.

ಬನಾರಸಿನ ಮೊದಲ ಪದವೀಧರರ ಎದುರಿಗಿದ್ದುದೂ ಇದೇ ಪ್ರಶ್ನೆ. ಶ್ರಾಫ್ ಅವರು ಅದನ್ನು ಬಿಡಿವ್ಯಕ್ತಿಯ ಅದೃಷ್ಟಕ್ಕೆ ಬಿಡದೆ ಶಿಕ್ಷಣ, ಸಂಘಟನೆ ಮತ್ತು ಪ್ರಕಟಣೆಗಳ ಮೂಲಕ ಎದುರಿಸಿದರು. ಆ ದಾರಿಯಲ್ಲಿಯೇ ಮುಂದಿನ ಸುಧಾರಣೆಗಳು ನಡೆದಿವೆ. 2008ರಲ್ಲಿ ಆರು ವರ್ಷಗಳ ಫಾರ್ಮ್.ಡಿ ಶಿಕ್ಷಣ ಜಾರಿಗೆ ಬಂದಿತು. 2015ರ ಫಾರ್ಮಸಿ ವೃತ್ತಿ ನಿಯಮಾವಳಿಯು ರೋಗಿಗೆ ಔಷಧದ ಬಗ್ಗೆ ತಿಳಿವಳಿಕೆ ನೀಡುವುದನ್ನು ಫಾರ್ಮಸಿಸ್ಟರ ಕರ್ತವ್ಯವೆಂದು ಗುರುತಿಸಿತು. ಆಸ್ಪತ್ರೆಯ ಹುದ್ದೆಗಳ ಸಾಲಿನಲ್ಲಿ ಔಷಧ ಮಾಹಿತಿ ಫಾರ್ಮಸಿಸ್ಟ್ ಎಂಬ ಹೆಸರನ್ನೂ ಸೇರಿಸಿತು. ನಿಯಮದಲ್ಲಿರುವ ಹೆಸರು ಪ್ರತಿಯೊಂದು ಆಸ್ಪತ್ರೆಯ ಹುದ್ದೆಯಾಗುವುದು ಇನ್ನು ಆಗಬೇಕಾದ ಕಾರ್ಯ.

ವಿದ್ಯಾರ್ಥಿಗಳ ಮಾಹಿತಿಗಾಗಿ

• ಡಿ.ಫಾರ್ಮ್: ವಿಜ್ಞಾನ ವಿಭಾಗದ ಪಿಯುಸಿ ನಂತರ ಎರಡು ವರ್ಷಗಳ ವ್ಯಾಸಂಗ ಹಾಗೂ 500 ಗಂಟೆಗಳ ಪ್ರಾಯೋಗಿಕ ತರಬೇತಿ.
• ಬಿ.ಫಾರ್ಮ್: ನಾಲ್ಕು ವರ್ಷಗಳ ಪದವಿ.
• ಎಂ.ಫಾರ್ಮ್: ಎರಡು ವರ್ಷಗಳ ಸ್ನಾತಕೋತ್ತರ ಪದವಿ. ಔಷಧ ಮಾಹಿತಿಯಲ್ಲಿ ಆಸಕ್ತಿ ಇರುವವರಿಗೆ ಫಾರ್ಮಸಿ ಪ್ರಾಕ್ಟೀಸ್ ವಿಷಯ ಸೂಕ್ತ.
• ಫಾರ್ಮ್.ಡಿ: ಐದು ವರ್ಷಗಳ ವ್ಯಾಸಂಗ ಮತ್ತು ಒಂದು ವರ್ಷದ ಆಸ್ಪತ್ರೆ ತರಬೇತಿ.

ಕಲಬುರಗಿ ನಗರದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಮಾತೋಶ್ರೀ ತಾರಾದೇವಿ ರಾಂಪುರೆ ಔಷಧ ವಿಜ್ಞಾನ ಸಂಸ್ಥೆ ಸೇರಿದಂತೆ ಫಾರ್ಮಸಿ ಕಾಲೇಜುಗಳಿವೆ. ವೃತ್ತಿ ಕೈಗೊಳ್ಳಲು ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ನೋಂದಣಿ ಕಡ್ಡಾಯ. ಸಂವಿಧಾನದ 371ಜೆ ವಿಧಿಯ ಅನ್ವಯ ಕಲ್ಯಾಣ ಕರ್ನಾಟಕದ ಸ್ಥಳೀಯ ಅಭ್ಯರ್ಥಿಗಳಿಗೆ ಶಿಕ್ಷಣ ಮತ್ತು ಸರ್ಕಾರಿ ನೇಮಕಾತಿಯಲ್ಲಿ ಮೀಸಲಾತಿ ಇರುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಉದ್ಯೋಗಾವಕಾಶಗಳು: ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಫಾರ್ಮಸಿ ಅಧಿಕಾರಿ, ಔಷಧ ನಿಯಂತ್ರಣ ವ್ಯವಸ್ಥೆಯಲ್ಲಿ ಔಷಧ ಪರಿವೀಕ್ಷಕ, ಖಾಸಗಿ ಹಾಗೂ ಬೋಧನಾ ಆಸ್ಪತ್ರೆಗಳಲ್ಲಿ ಚಿಕಿತ್ಸಾ ಫಾರ್ಮಸಿಸ್ಟ್, ಔಷಧ ಕಂಪನಿಗಳ ಸುರಕ್ಷತಾ ವಿಭಾಗ, ಅಧ್ಯಾಪನ, ಸ್ವಂತ ಔಷಧ ಅಂಗಡಿ.

ಸಾರ್ವಜನಿಕರ ಗಮನಕ್ಕೆ

ಯಾವುದೇ ಔಷಧಿಯಿಂದ ಅನಿರೀಕ್ಷಿತ ತೊಂದರೆ ಕಂಡುಬಂದಲ್ಲಿ ಮೊದಲು ವೈದ್ಯರನ್ನು ಕಾಣಬೇಕು. ಅಂತಹ ತೊಂದರೆಯನ್ನು 2010ರಲ್ಲಿ ಆರಂಭವಾದ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮಕ್ಕೂ ವರದಿ ಮಾಡಬಹುದು. ಇದಕ್ಕಾಗಿ 1800-180-3024 ಎಂಬ ಉಚಿತ ಸಹಾಯವಾಣಿ ಇದೆ. ಔಷಧಿ ಪಡೆಯುವಾಗ ಎಷ್ಟು, ಯಾವಾಗ, ಊಟಕ್ಕೆ ಮೊದಲೋ ನಂತರವೋ, ಎಷ್ಟು ದಿನ, ಏನು ತೊಂದರೆಯಾದೀತು ಎಂಬ ಪ್ರಶ್ನೆಗಳನ್ನು ಫಾರ್ಮಸಿಸ್ಟರಲ್ಲಿ ಕೇಳಿ ತಿಳಿಯುವುದು ಪ್ರತಿಯೊಬ್ಬರ ಹಕ್ಕು.

ಜೀವನದ ಪ್ರಮುಖ ಘಟ್ಟಗಳು

1902 – ಬಿಹಾರದ ದರ್ಭಂಗಾದಲ್ಲಿ ಜನನ
1932 – ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಔಷಧ ರಸಾಯನ ಶಾಸ್ತ್ರದ ಬೋಧನೆ ಆರಂಭ
1935 – ಸಂಯುಕ್ತ ಪ್ರಾಂತಗಳ ಫಾರ್ಮಸ್ಯೂಟಿಕಲ್ ಸಂಘದ ಸ್ಥಾಪನೆ
1937 – ಬಿ.ಫಾರ್ಮ್ ಪದವಿ ಆರಂಭ
1939 – ಇಂಡಿಯನ್ ಜರ್ನಲ್ ಆಫ್ ಫಾರ್ಮಸಿ ಪತ್ರಿಕೆಯ ಆರಂಭ
1940 – ಎಂ.ಫಾರ್ಮ್ ಶಿಕ್ಷಣ ಆರಂಭ
1943 – ಬನಾರಸಿನಿಂದ ಔಷಧ ಕೈಗಾರಿಕೆಗೆ
1971 – ನಿಧನ
2022 – ಜನ್ಮದಿನ ಮಾರ್ಚ್ 6, ರಾಷ್ಟ್ರೀಯ ಫಾರ್ಮಸಿ ಶಿಕ್ಷಣ ದಿನವಾಗಿ ಆಚರಣೆ

ಉಪಸಂಹಾರ

ಒಂದು ವೃತ್ತಿಗೆ ಗೌರವ ತಾನಾಗಿ ಬರುವುದಿಲ್ಲ. ಅದನ್ನು ಕಲಿಸುವ ಶಾಲೆ, ಕಾಯುವ ಕಾನೂನು, ಒಗ್ಗೂಡಿಸುವ ಸಂಘ ಮತ್ತು ತಿಳಿವಳಿಕೆಯನ್ನು ಹಂಚುವ ಪತ್ರಿಕೆ ಬೇಕು ಎಂಬುದನ್ನು ಪ್ರೊ. ಮಹಾದೇವ ಲಾಲ್ ಶ್ರಾಫ್ ಅವರ ಜೀವನ ತೋರಿಸಿಕೊಟ್ಟಿದೆ. ಇವುಗಳ ಜೊತೆಗೆ ಪ್ರಶ್ನೆ ಕೇಳುವ ಜನರೂ ಬೇಕು. ಸೇಡಂನ ಆಸ್ಪತ್ರೆಯಲ್ಲಾಗಲಿ, ಚಿಂಚೋಳಿಯ ಹಳ್ಳಿಯ ಆರೋಗ್ಯ ಕೇಂದ್ರದಲ್ಲಾಗಲಿ, ರೋಗಿಯೊಬ್ಬರು ಮಾತ್ರೆಯನ್ನು ಕೈಗೆ ತೆಗೆದುಕೊಳ್ಳುವ ಮುನ್ನ ಅದರ ಬಗ್ಗೆ ವಿಚಾರಿಸಿದರೆ, ಉತ್ತರಿಸುವ ಫಾರ್ಮಸಿಸ್ಟರ ವಿದ್ಯೆಗೆ ಅಂದು ಬೆಲೆ ಬಂದಂತೆ.